ಹಳೆಯ ಫೋರ್ ವೀಲ್ ಡ್ರೈವ್‌ಗಳಲ್ಲಿ ಟ್ರಾನ್ಸ್‌ಫರ್ ಲಿವರ್ ಸಿಕ್ಕಿಕೊಳ್ಳುವುದು: ಕಾರಣ, ಪತ್ತೆ, ದುರಸ್ತಿ

ನಾಲ್ಕೂ ಚಕ್ರಗಳಿಗೆ ಚಾಲನೆ ಹಂಚುವ ವಾಹನಗಳಲ್ಲಿ ಗೇರ್‌ಬಾಕ್ಸಿನ ಹಿಂಬದಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದು ಅದರ ಒಂದು ಕೆಲಸ. ಕಡಿದಾದ ಏರಿನಲ್ಲಿ, ಕೆಸರಿನಲ್ಲಿ, ಮರಳಿನಲ್ಲಿ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವ ಲೋ ರೇಂಜ್ ಒದಗಿಸುವುದು ಇನ್ನೊಂದು ಕೆಲಸ. ಹಳೆಯ ವಾಹನಗಳಲ್ಲಿ ಈ ಎರಡನ್ನೂ ನಡೆಸುವುದು ಗೇರ್ ಲಿವರಿನ ಪಕ್ಕದಲ್ಲಿರುವ ಗಿಡ್ಡ ಲಿವರ್. ಬೇಕಾದ ಹೊತ್ತಿಗೆ ಆ ಲಿವರ್ ಕದಲದೆ ನಿಲ್ಲುವುದು ಈ ವಾಹನಗಳ ಅತಿ ಸಾಮಾನ್ಯ ತೊಂದರೆಗಳಲ್ಲಿ ಒಂದು.

ಕನ್ನಡಿಗರಿಗೆ ಈ ಲಿವರ್ ಹೊಸತಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ಮಲೆನಾಡಿನ ಮತ್ತು ಕೊಡಗಿನ ತೋಟದ ಹಾದಿಗಳಲ್ಲಿ ಜೀಪು ಮನೆಮಾತಾಯಿತು. ಕೊಲ್ಲೂರಿನಿಂದ ಕೊಡಚಾದ್ರಿಗೆ ಏರುವ ಬಾಡಿಗೆ ಜೀಪಿನ ಚಾಲಕ ‘ಫೋರ್ ವೀಲ್ ಹಾಕುವುದು’ ಈ ಲಿವರಿನಿಂದಲೇ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಮತ್ತು ಆಸ್ಟ್ರೇಲಿಯಾದಲ್ಲಿ ಸುಝುಕಿ ಸಿಯೆರಾ ಎಂದು ಮಾರಾಟವಾದ ಗಾಡಿ ಒಂದೇ ಕುಟುಂಬದವು. ಮೆಲ್ಬರ್ನಿನ ಆಗ್ನೇಯ ಅಂಚಿನ ಕ್ಲೈಡ್ ನಾರ್ತ್‌ನಂಥ ಹೊಸ ಬಡಾವಣೆಗಳಲ್ಲಿ ನೆಲೆಸಿ, ಹಳೆಯ ಲ್ಯಾಂಡ್ ಕ್ರೂಸರ್, ಪಟ್ರೋಲ್ ಹೆಸರಿನ ನಿಸಾನ್ ಗಾಡಿ, ಡಿಸ್ಕವರಿ ಅಥವಾ ಜೀಪ್ ಚೆರೋಕಿಯನ್ನು ಕಡಿಮೆ ಬೆಲೆಗೆ ಕೊಳ್ಳುವವರಿಗೆ ಈ ಬರಹ ಉಪಯೋಗಕ್ಕೆ ಬರಬಹುದು.

ಬಳಸದೆ ಇರುವುದೇ ಮೊದಲ ಕಾರಣ

ವಿಕ್ಟೋರಿಯಾದ ಎತ್ತರದ ಕಾಡುಗಳಲ್ಲಿರುವ ಅನೇಕ ಮಣ್ಣಿನ ಹಾದಿಗಳನ್ನು ಸಾಮಾನ್ಯವಾಗಿ ಜೂನ್ ತಿಂಗಳಿನ ದೊರೆಯ ಹುಟ್ಟುಹಬ್ಬದ ರಜೆಯ ನಂತರ ಮುಚ್ಚಿ, ನವೆಂಬರ್ ಆರಂಭದ ಮೆಲ್ಬರ್ನ್ ಕಪ್ ರಜೆಯ ಹೊತ್ತಿಗೆ ತೆರೆಯುತ್ತಾರೆ. ಮಳೆಗಾಲದಲ್ಲಿ ಹಾದಿ ಕೆಡದಂತೆ ಕಾಯುವ ಕ್ರಮ ಇದು. ಆದರೆ ಆ ತಿಂಗಳುಗಳಲ್ಲಿ ಬಡಾವಣೆಯ ಡಾಂಬರು ರಸ್ತೆಯಲ್ಲಷ್ಟೇ ಓಡುವ ಗಾಡಿಯ ಟ್ರಾನ್ಸ್‌ಫರ್ ಲಿವರನ್ನು ಯಾರೂ ಮುಟ್ಟುವುದಿಲ್ಲ. ಕಳೆದ ಪ್ರವಾಸದಲ್ಲಿ ಮೆತ್ತಿದ ಕೆಸರು ಕೀಲುಗಳಲ್ಲಿ ಒಣಗುತ್ತದೆ, ಗ್ರೀಸ್ ಗಟ್ಟಿಯಾಗುತ್ತದೆ, ಹೊರಗೆ ಚಾಚಿದ ಉಕ್ಕಿನ ದಂಡಗಳಿಗೆ ತುಕ್ಕು ಹಿಡಿಯುತ್ತದೆ. ನವೆಂಬರಿನಲ್ಲಿ ಕಾಡಿಗೆ ಹೋದವನಿಗೆ ಲಿವರ್ ಕಲ್ಲಿನಂತೆ ನಿಂತಿರುವುದು ತಿಳಿಯುವುದು ಇಳಿಜಾರಿನ ನೆತ್ತಿಯಲ್ಲಿ. ಲೋ ರೇಂಜ್ ಇಲ್ಲದೆ ಕಡಿದಾದ ಇಳಿಜಾರು ಇಳಿಯುವುದೆಂದರೆ ಭಾರವೆಲ್ಲವನ್ನೂ ಬ್ರೇಕಿನ ಮೇಲೆ ಹೊರಿಸುವುದು. ಬ್ರೇಕ್ ಕಾದು ಸೋತರೆ ಮುಂದೆ ಆಧಾರವಿಲ್ಲ. ಆದ್ದರಿಂದ ಈ ಚಿಕ್ಕ ಲಿವರಿನ ಆರೋಗ್ಯವನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕು.

ನಿಜವಾದ ಕೆಡುಕೋ, ಬಿಗಿತವೋ

ದುರಸ್ತಿಗೆ ಕೈಹಾಕುವ ಮುನ್ನ ಒಂದು ಭೇದವನ್ನು ತಿಳಿಯಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಎರಡು ಆಕ್ಸಲ್‌ಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಕರಗುತ್ತದೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಆ ವ್ಯತ್ಯಾಸ ಶಾಫ್ಟುಗಳಲ್ಲಿ ತಿರುಚಾಗಿ ಸಂಗ್ರಹವಾಗುತ್ತದೆ. ಒದ್ದೆ ಬಟ್ಟೆಯನ್ನು ಎರಡು ತುದಿ ಹಿಡಿದು ಹಿಂಡಿದಂತೆ. ಆ ತಿರುಚು ಹಲ್ಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದರಿಂದ ಲಿವರ್ ಹೊರಬರುವುದಿಲ್ಲ. ನಡುವಿನ ಡಿಫರೆನ್ಷಿಯಲ್‌ಗೆ ಬೀಗ ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದ ಫುಲ್ ಟೈಮ್ ಗಾಡಿಗಳಲ್ಲಿಯೂ ಹೀಗೆಯೇ ಆಗುತ್ತದೆ.

ಇದಕ್ಕೆ ಸ್ಪ್ಯಾನರ್ ಬೇಕಿಲ್ಲ. ಚಕ್ರಗಳನ್ನು ನೇರವಾಗಿಟ್ಟು ಕೆಲವು ಮೀಟರ್ ನಿಧಾನವಾಗಿ ಹಿಂದಕ್ಕೆ ಓಡಿಸಿದರೆ ತಿರುಚು ಬಿಡಿಸಿಕೊಳ್ಳುತ್ತದೆ. ಜಲ್ಲಿ ಅಥವಾ ಹುಲ್ಲಿನ ನೆಲ ಸಿಕ್ಕರೆ ಇನ್ನೂ ಒಳ್ಳೆಯದು. ಲ್ಯಾಂಡ್ ರೋವರ್ ಡಿಸ್ಕವರಿ ಮತ್ತು ಡಿಫೆಂಡರ್‌ಗಳ ಎಲ್‌ಟಿ 230 ಪೆಟ್ಟಿಗೆಯಲ್ಲಿ ಲಿವರನ್ನು ಹಿಂದಕ್ಕೆ ತಂದ ಮೇಲೂ ಡಿಫ್ ಲಾಕಿನ ದೀಪ ಉರಿಯುತ್ತಿದ್ದರೆ, ಒಳಗಿನ ಹಲ್ಲು ಇನ್ನೂ ಬಿಟ್ಟಿಲ್ಲ ಎಂದೇ ಅರ್ಥ. ದೀಪವನ್ನು ದೂರದೆ ಹಿಂದಕ್ಕೆ ಓಡಿಸಿ ನೋಡಬೇಕು.

ಹಾಕುವ ಕ್ರಮವನ್ನೂ ಪರೀಕ್ಷಿಸಿಕೊಳ್ಳಬೇಕು. ಹೆಚ್ಚಿನ ಹಳೆಯ ಪೆಟ್ಟಿಗೆಗಳಲ್ಲಿ ಲೋ ರೇಂಜಿಗೆ ಸಿಂಕ್ರೊ ಇರುವುದಿಲ್ಲ. ಗಾಡಿಯನ್ನು ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ, ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್‌ನಲ್ಲಿಟ್ಟು, ಲಿವರನ್ನು ತಡೆಯದೆ ಒಂದೇ ಎಳೆತದಲ್ಲಿ ಸರಿಸಬೇಕು. ಹಲ್ಲಿಗೆ ಹಲ್ಲು ಎದುರಾಗಿ ನಿಂತರೆ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಮತ್ತೆ ಒತ್ತಿದರೆ ಚಕ್ರ ಸ್ವಲ್ಪ ತಿರುಗಿ ದಾರಿ ಬಿಡುತ್ತದೆ. ಕೆಲವು ಗಾಡಿಗಳಲ್ಲಿ ಲಿವರನ್ನು ಕೆಳಕ್ಕೆ ಒತ್ತಿಯೇ ಎಳೆಯಬೇಕು. ಎರಡು ಲಿವರಿನ ಹಳೆಯ ಜೀಪುಗಳ ಸ್ಪೈಸರ್ 18 ಪೆಟ್ಟಿಗೆಯಲ್ಲಿ ಮುಂದಿನ ಆಕ್ಸಲ್ ಜೋಡಿಸದೆ ಲೋ ಹಾಕಲು ಸಾಧ್ಯವಿಲ್ಲ. ಎರಡು ರೈಲುಗಳ ನಡುವಿನ ಪುಟ್ಟ ತಡೆಪಿನ್ ಅದನ್ನು ಬೇಕೆಂದೇ ತಡೆಯುತ್ತದೆ. ಲೋ ರೇಂಜಿನ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳದಿರಲಿ ಎಂಬುದು ಅದರ ಉದ್ದೇಶ. ಇದನ್ನರಿಯದೆ ಲಿವರನ್ನು ಒದೆಯುವವರು ಇಲ್ಲದ ಕೆಡುಕನ್ನು ತಂದುಕೊಳ್ಳುತ್ತಾರೆ.

ಕೆಳಗೆ ಮಲಗುವ ಮುನ್ನ

ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದೊಡನೆ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧ ಕಡಿದುಹೋಗುತ್ತದೆ. ಆಗ ಮ್ಯಾನ್ಯುಯಲ್ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದರೂ, ಆಟೊಮ್ಯಾಟಿಕ್ ಗಾಡಿಯನ್ನು ಪಾರ್ಕ್‌ನಲ್ಲಿ ಇಟ್ಟಿದ್ದರೂ ಅದು ಉರುಳಬಲ್ಲದು. ಲ್ಯಾಂಡ್ ರೋವರ್‌ಗಳಲ್ಲಿಯೂ ಹಳೆಯ ಜೀಪುಗಳಲ್ಲಿಯೂ ಕೈಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಆ ಹಿಡಿತ ತಪ್ಪಿಹೋಗುತ್ತದೆ. ಲಿವರ್ ಬಿಡಿಸುವ ಕೆಲಸದಲ್ಲಿ ಪೆಟ್ಟಿಗೆ ನ್ಯೂಟ್ರಲ್‌ಗೆ ಬಂದೇ ಬರುತ್ತದೆ, ಅದೂ ಮನುಷ್ಯ ಕೆಳಗೆ ಮಲಗಿರುವಾಗ. ಆದ್ದರಿಂದ ಸಮತಟ್ಟಾದ ಕಾಂಕ್ರೀಟ್ ನೆಲ, ಚಕ್ರಗಳ ಎರಡೂ ಬದಿಗೆ ದಿಮ್ಮಿ, ಎತ್ತಿದರೆ ಆಕ್ಸಲ್ ಸ್ಟ್ಯಾಂಡ್, ಈ ಮೂರೂ ಇಲ್ಲದೆ ಕೆಳಗೆ ನುಸುಳಬಾರದು. ಜಾಕ್ ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲವೆಂದು ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಮನೆಯಲ್ಲಿ ರಿಪೇರಿ ಮಾಡುವವರನ್ನು ಮತ್ತೆ ಮತ್ತೆ ಎಚ್ಚರಿಸುತ್ತ ಬಂದಿದೆ. ಕ್ಲೈಡ್ ನಾರ್ತ್‌ನ ಮನೆಗಳ ಮುಂದಿನ ಡ್ರೈವ್‌ವೇ ಬೀದಿಯ ಕಡೆಗೆ ಇಳಿಜಾರಾಗಿದ್ದರೆ ಅಲ್ಲಿ ಈ ಕೆಲಸ ಬೇಡ, ಗ್ಯಾರೇಜಿನೊಳಗೆ ಮಾಡಬೇಕು.

ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು

ಕೈಗೆ ಸಿಗುವ ಲಿವರಿನಿಂದ ಪೆಟ್ಟಿಗೆಯ ಒಳಗಿನ ಫೋರ್ಕಿನವರೆಗೆ ಒಂದು ಸರಪಳಿಯಿದೆ: ಲಿವರ್, ಅದರ ಕೀಲು, ಲಿಂಕ್ ರಾಡ್, ಅದರ ಬುಷ್‌ಗಳು, ಪೆಟ್ಟಿಗೆಯ ಹೊರಗಿನ ತೋಳು, ಒಳಗಿನ ರೈಲು, ಫೋರ್ಕ್. ಒಂದೇ ಪರೀಕ್ಷೆ ಈ ಸರಪಳಿಯನ್ನು ಎರಡು ಭಾಗ ಮಾಡುತ್ತದೆ. ಲಿಂಕ್ ರಾಡನ್ನು ಪೆಟ್ಟಿಗೆಯ ತೋಳಿನಿಂದ ಬಿಡಿಸಬೇಕು. ಬಿಡಿಸುವ ಮುನ್ನ ಫೋಟೊ ತೆಗೆದು, ರಾಡಿನ ಉದ್ದ ಹೊಂದಿಸುವ ನಟ್ಟಿನ ಸ್ಥಾನಕ್ಕೆ ಬಣ್ಣದ ಗುರುತು ಹಾಕಿಕೊಳ್ಳಬೇಕು. ಈಗ ಒಳಗಿನ ಲಿವರ್ ಬಿಗಿಯಾಗಿಯೇ ಇದ್ದರೆ ದೋಷ ಮೇಲಿನ ಭಾಗದಲ್ಲಿದೆ. ಲಿವರ್ ಸಡಿಲವಾಗಿ ಆಡಿ, ಪೆಟ್ಟಿಗೆಯ ತೋಳು ಸ್ಪ್ಯಾನರಿನ ಹದವಾದ ಒತ್ತಡಕ್ಕೂ ಕದಲದಿದ್ದರೆ ದೋಷ ಪೆಟ್ಟಿಗೆಯಲ್ಲಿದೆ. ಎರಡೂ ಬೇರೆಬೇರೆಯಾಗಿ ಸರಾಗವಾಗಿದ್ದು ಜೋಡಿಸಿದಾಗ ಮಾತ್ರ ಸಿಕ್ಕಿಕೊಂಡರೆ ಹೊಂದಾಣಿಕೆ ತಪ್ಪಿದೆ.

ಲಿವರನ್ನು ನೇರವಾಗಿ ಪೆಟ್ಟಿಗೆಯ ಮೇಲೆಯೇ ಕೂರಿಸಿರುವ ಗಾಡಿಗಳಲ್ಲಿ ಲಿಂಕ್ ರಾಡ್ ಇರುವುದಿಲ್ಲ. ಅಲ್ಲಿ ರಬ್ಬರ್ ಮುಸುಕನ್ನು ಸರಿಸಿ ಲಿವರನ್ನು ಮೇಲಕ್ಕೆ ತೆಗೆದು, ತಳದ ಗುಂಡು ಮತ್ತು ಅದು ಕೂರುವ ಬಟ್ಟಲನ್ನು ನೋಡಬೇಕು. ಬಟ್ಟಲಿನ ಪ್ಲಾಸ್ಟಿಕ್ ಪುಡಿಯಾಗಿದ್ದರೆ ಲಿವರ್ ಆಡುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ.

ಹೊರಭಾಗದ ದುರಸ್ತಿ

ಮೊದಲು ತೊಳೆಯುವುದು. ಕೀಲುಗಳ ಒಣಕೆಸರನ್ನು ಬ್ರಷ್ಷಿನಿಂದ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಮರುದಿನ ಕೀಲನ್ನು ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಆಡಿಸುತ್ತ ಹೋದರೆ ಅನೇಕ ಸಲ ಅಷ್ಟಕ್ಕೇ ಬಿಡುತ್ತದೆ. ಎಣ್ಣೆ ಬಿಡಿಸಿದ ಕೀಲನ್ನು ಹಾಗೆಯೇ ಬಿಟ್ಟರೆ ಬೇಗನೆ ಮತ್ತೆ ಹಿಡಿಯುತ್ತದೆ. ಪಿನ್ ಹೊರತೆಗೆದು, ಮರಳು ಕಾಗದದಿಂದ ಉಜ್ಜಿ, ಗ್ರೀಸ್ ಹಚ್ಚಿಯೇ ಕೂರಿಸಬೇಕು. ಎಲ್‌ಟಿ 230ಯಲ್ಲಿ ಹಿಡಿಯುವುದು ಹೆಚ್ಚಾಗಿ ಪೆಟ್ಟಿಗೆಯ ಮೇಲ್ಭಾಗದ ಈ ಕೀಲುಗಳೇ.

ಜೀಪ್ ಚೆರೋಕಿ ಎಕ್ಸ್‌ಜೆಯಲ್ಲಿ ದೋಷದ ಜಾಗ ಸಾಮಾನ್ಯವಾಗಿ ಲಿಂಕಿನ ಪ್ಲಾಸ್ಟಿಕ್ ಬುಷ್. ಅದು ಸವೆದರೆ ಲಿವರಿನ ಚಲನೆಯ ಒಂದು ಪಾಲು ವ್ಯರ್ಥವಾಗಿ, ಲೋ ಅರ್ಧ ಬಿದ್ದು ಜಾರಿ ಹೊರಬರುತ್ತದೆ. ಹೊಸ ಬುಷ್ ಹಾಕಿ ಹೊಂದಿಸಿದರೆ ಸಾಕು. ಗೇರ್‌ಬಾಕ್ಸಿನ ರಬ್ಬರ್ ಮೌಂಟ್ ಕುಸಿದಿದ್ದರೂ, ಹಿಂದಿನ ಮಾಲೀಕ ಬಾಡಿಯನ್ನು ಚಾಸಿಯಿಂದ ಎತ್ತರಿಸಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಲಿವರ್ ಬಾಡಿಯಲ್ಲಿ, ಪೆಟ್ಟಿಗೆ ಚಾಸಿಯಲ್ಲಿ ಇರುವುದರಿಂದ ಎರಡರ ನಡುವಿನ ಅಂತರ ಬದಲಾಗಿರುತ್ತದೆ. ಹೊಂದಿಸುವಾಗ ಪೆಟ್ಟಿಗೆಯ ತೋಳನ್ನು ಕೈಯಿಂದ ಲೋ ಸ್ಥಾನದ ಕೊನೆಯವರೆಗೆ ಸರಿಸಿ, ಲಿವರನ್ನೂ ಅದೇ ಸ್ಥಾನದಲ್ಲಿಟ್ಟು, ರಾಡ್ ಎಳೆತವಿಲ್ಲದೆ ಕೂರುವಂತೆ ಉದ್ದವನ್ನು ನಿಗದಿ ಮಾಡಬೇಕು. ಆಮೇಲೆ ಹೈ ಸ್ಥಾನಕ್ಕೂ ಪೂರ್ತಿ ಹೋಗುವುದೇ ಎಂದು ನೋಡಬೇಕು.

ಪೆಟ್ಟಿಗೆಯ ಬಾಗಿಲಿನಲ್ಲಿ

ರೈಲು ಪೆಟ್ಟಿಗೆಯಿಂದ ಹೊರಬರುವ ಕಡೆ ತುಕ್ಕು ಹಿಡಿದಿದ್ದರೆ ಅದನ್ನು ಬಲವಂತವಾಗಿ ಒಳಕ್ಕೆ ತಳ್ಳಬಾರದು. ತುಕ್ಕಿನ ಅಂಚು ಆಯಿಲ್ ಸೀಲನ್ನು ಹರಿಯುತ್ತದೆ. ಹೊರಗೆ ಕಾಣುವಷ್ಟನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಒರೆಸಿ, ಎಣ್ಣೆ ಹಾಕಿ, ಆಮೇಲೆ ಸರಿಸಬೇಕು. ರೈಲನ್ನು ಆಯಾ ಸ್ಥಾನದಲ್ಲಿ ನಿಲ್ಲಿಸುವುದು ಸ್ಪ್ರಿಂಗಿನಿಂದ ಒತ್ತಿದ ಉಕ್ಕಿನ ಗುಂಡು. ಅನೇಕ ಪೆಟ್ಟಿಗೆಗಳಲ್ಲಿ ಅದರ ಮುಚ್ಚಳದ ಬೋಲ್ಟ್ ಹೊರಗಿನಿಂದಲೇ ಸಿಗುತ್ತದೆ. ಅದನ್ನು ಬಿಚ್ಚಿ, ಸ್ಪ್ರಿಂಗ್ ತೆಗೆದು, ಗುಂಡನ್ನು ಅಯಸ್ಕಾಂತದ ಕಡ್ಡಿಯಿಂದ ಎತ್ತಿ ತೊಳೆದರೆ ಹಲವು ವರ್ಷಗಳ ಜಿಡ್ಡು ಹೋಗುತ್ತದೆ. ಬಂದ ಕ್ರಮದಲ್ಲಿಯೇ ಹಿಂದಕ್ಕೆ ಹಾಕಬೇಕು; ಒಂದಕ್ಕಿಂತ ಹೆಚ್ಚು ಸ್ಪ್ರಿಂಗ್ ಇದ್ದರೆ ಅದಲುಬದಲಾಗಬಾರದು.

ಎಣ್ಣೆಯನ್ನು ಬದಲಿಸಲು ಇದೇ ಸಮಯ. ಇಳಿಸುವ ಪ್ಲಗ್ ತೆಗೆಯುವ ಮೊದಲು ತುಂಬುವ ಪ್ಲಗ್ ಬಿಚ್ಚಲು ಬರುವುದೇ ಎಂದು ನೋಡಿಕೊಳ್ಳಬೇಕು. ಎಣ್ಣೆ ಇಳಿಸಿದ ಮೇಲೆ ತುಂಬಲಾಗದಿದ್ದರೆ ಗಾಡಿ ನಿಂತಲ್ಲೇ ಉಳಿಯುತ್ತದೆ. ಎಲ್ಲ ಪೆಟ್ಟಿಗೆಗೂ ಒಂದೇ ಎಣ್ಣೆಯಲ್ಲ. ಚೆರೋಕಿಯ ಎನ್‌ಪಿ 231 ಚೈನಿನಿಂದ ನಡೆಯುವಂಥದ್ದು, ಅದಕ್ಕೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ ಬೇಕು. ಹಲ್ಲುಚಕ್ರಗಳ ಪೆಟ್ಟಿಗೆಗಳಲ್ಲಿ ಹಲವಕ್ಕೆ ದಪ್ಪನೆಯ ಗೇರ್ ಆಯಿಲ್. ಆಯಾ ಗಾಡಿಯ ಕೈಪಿಡಿಯ ಮಾತೇ ಕೊನೆಯದು. ಇಳಿದ ಎಣ್ಣೆ ಹಾಲಿನಂತಿದ್ದರೆ ಹೊಳೆ ದಾಟುವಾಗ ನೀರು ಹೊಕ್ಕಿದೆ, ಉಸಿರುನಳಿಗೆಯನ್ನು ಪರೀಕ್ಷಿಸಬೇಕು. ಅಯಸ್ಕಾಂತದ ಪ್ಲಗ್ಗಿನ ಮೇಲೆ ಬೂದಿಯಂಥ ಲೇಪ ಸಹಜ, ಲೋಹದ ಚೂರು ಸಹಜವಲ್ಲ. ಹಳೆಯ ಎಣ್ಣೆಯನ್ನು ಬೀದಿಯ ಮೋರಿಗೆ ಸುರಿಯುವುದು ಅಪರಾಧ. ಮಳೆನೀರಿನ ಮೋರಿಗಳು ಸೇರುವುದು ತೊರೆಗಳನ್ನು. ಕ್ಲೈಡ್ ನಾರ್ತ್‌ನ ಪಕ್ಕದ ಕಾರ್ಡಿನಿಯಾ ಕ್ರೀಕ್ ಹರಿದು ವೆಸ್ಟರ್ನ್ ಪೋರ್ಟ್ ಕೊಲ್ಲಿಯನ್ನು ಸೇರುತ್ತದೆ. ಬಳಸಿದ ಎಣ್ಣೆಯ ಮರುಬಳಕೆಗೆಂದು ಆಸ್ಟ್ರೇಲಿಯಾದಲ್ಲಿ 2001ರಿಂದ ರಾಷ್ಟ್ರೀಯ ಯೋಜನೆಯೇ ಇದೆ. ಮುಚ್ಚಿದ ಡಬ್ಬಿಯಲ್ಲಿ ತುಂಬಿ ಎಣ್ಣೆ ಸ್ವೀಕರಿಸುವ ಕಸ ಕೇಂದ್ರಕ್ಕೆ ಒಪ್ಪಿಸಬೇಕು.

ಲಿವರಿಗೆ ಬದಲು ಮೋಟಾರು

ಎಲ್ಲ ಗಾಡಿಗಳಲ್ಲಿಯೂ ಲಿವರೇ ಎಲ್ಲವನ್ನೂ ಮಾಡುವುದಿಲ್ಲ. 1990ರ ದಶಕದ ಲ್ಯಾಂಡ್ ಕ್ರೂಸರ್ 80ರಲ್ಲಿ ಹೈ-ಲೋ ಬದಲಿಸುವುದು ಲಿವರ್, ನಡುವಿನ ಡಿಫರೆನ್ಷಿಯಲ್‌ಗೆ ಬೀಗ ಹಾಕುವುದು ಪುಟ್ಟ ವಿದ್ಯುತ್ ಮೋಟಾರು. ಬಳಸದೆ ಬಿಟ್ಟರೆ ಅದೂ ಹಿಡಿಯುತ್ತದೆ. ಪಜೇರೊಗಳಲ್ಲಿ ಮುಂದಿನ ಆಕ್ಸಲನ್ನು ಜೋಡಿಸುವುದು ನಿರ್ವಾತದಿಂದ ನಡೆಯುವ ಸಾಧನ. ರಬ್ಬರ್ ನಳಿಗೆ ಬಿರಿದರೆ ದೀಪ ಮಿನುಗುತ್ತಲೇ ಇರುತ್ತದೆ. ಇಲ್ಲಿ ಲಿವರನ್ನು ದೂರುವ ಮುನ್ನ ಫ್ಯೂಸ್, ತಂತಿ, ನಳಿಗೆಗಳನ್ನು ನೋಡಬೇಕು.

ಎಲ್ಲಿ ನಿಲ್ಲಿಸಬೇಕು

ತೋಳು ಪೂರ್ತಿ ಸರಿದರೂ ಲೋ ಬೀಳದಿದ್ದರೆ ಫೋರ್ಕ್ ಸವೆದಿರಬಹುದು ಅಥವಾ ಬಾಗಿರಬಹುದು. ಎಣ್ಣೆಯಲ್ಲಿ ಲೋಹದ ಚೂರು, ಓಡುವಾಗ ಅರೆಯುವ ಸದ್ದು, ತಾನಾಗಿ ನ್ಯೂಟ್ರಲ್‌ಗೆ ಜಾರುವುದು, ಇವು ಕಂಡರೆ ಪೆಟ್ಟಿಗೆಯನ್ನು ಇಳಿಸಿ ಬಿಚ್ಚಬೇಕು. ಅದು ಬಲು ಭಾರದ ವಸ್ತು. ಒಂಟಿಯಾಗಿ ಮಾಡುವ ಕೆಲಸವಲ್ಲ, ತಿಳಿದ ಮೆಕ್ಯಾನಿಕ್ ಕೈಗೆ ಒಪ್ಪಿಸಬೇಕು. ಲಿವರಿಗೆ ಪೈಪು ಸಿಕ್ಕಿಸಿ ಎಳೆಯುವುದು, ಸುತ್ತಿಗೆಯಿಂದ ಬಡಿಯುವುದು ಫೋರ್ಕ್ ಮುರಿಯುವ ನೇರ ದಾರಿ.

ಸರಿಯಾದ ಮೇಲೆ ಮಾಡಬೇಕಾದದ್ದು ಒಂದೇ, ಬಳಸುತ್ತಿರುವುದು. ತಿಂಗಳಿಗೊಮ್ಮೆ ಜಲ್ಲಿಯ ಅಥವಾ ಒದ್ದೆ ಹುಲ್ಲಿನ ನೆಲದಲ್ಲಿ ಗಾಡಿಯನ್ನು ನೇರವಾಗಿ ಓಡಿಸಿ, ಎಲ್ಲ ಸ್ಥಾನಗಳಿಗೂ ಲಿವರನ್ನು ಹಾಕಿ ತೆಗೆಯಬೇಕು. ಕೆಸರಿನಿಂದ ಬಂದ ದಿನವೇ ಅಡಿಭಾಗ ತೊಳೆಯಬೇಕು. ನವೆಂಬರಿನಲ್ಲಿ ಕಾಡಿನ ಗೇಟು ತೆರೆಯುವ ಒಂದೆರಡು ವಾರ ಮುಂಚೆಯೇ ಲೋ ಹಾಕಿ ನೋಡಿದವನಿಗೆ, ದೋಷವಿದ್ದರೆ ಅದು ಗ್ಯಾರೇಜಿನಲ್ಲಿಯೇ ತಿಳಿಯುತ್ತದೆ.