ಶಾಸನಗಳ ಕಾಲನಿರ್ದೇಶವೂ ದೋಷಶೋಧನೆಯೂ

ಪ್ರಾಚೀನ ಕರ್ಣಾಟಕದ ಇತಿಹಾಸಕ್ಕೆ ಶಾಸನಗಳೇ ಪ್ರಧಾನ ಆಧಾರಗಳೆಂಬುದು ಸರ್ವವಿದಿತ. ಆದರೆ ಕಲ್ಲಿನ ಬರಹವೂ ಕಾಲದ ಹಾವಳಿಗೆ ಹೊರತಾದುದಲ್ಲ. ಮಳೆಬಿಸಿಲುಗಳಿಗೆ ಅಕ್ಷರಗಳು ಸವೆಯುತ್ತವೆ, ಕಲ್ಲು ಒಡೆಯುತ್ತದೆ, ಕಂಡರಿಸಿದವನ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ. ಹೀಗಿದ್ದೂ ಸಾವಿರ ವರ್ಷಗಳ ಹಿಂದಿನ ಒಂದು ದಾನದ ದಿನವನ್ನು ನಿರ್ಧರಿಸುವುದು ಹೇಗೆ ಸಾಧ್ಯ? ಹರಪನಹಳ್ಳಿ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸುತ್ತೇವೆ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಆವರಣದಲ್ಲಿ 36 ಹಳಗನ್ನಡ ಶಾಸನಗಳು ದೊರೆತಿವೆ. ಹೆಚ್ಚಿನವು 10ರಿಂದ 12ನೆಯ ಶತಮಾನದವರೆಗಿನವು. ಈ ಭಾಗವು ಅಂದು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಆಧಿಪತ್ಯದ ಕನ್ನಡ ಶಾಸನಗಳನ್ನೊಳಗೊಂಡ 'ದಕ್ಷಿಣ ಭಾರತದ ಶಾಸನಗಳು' ಮಾಲೆಯ 9ನೆಯ ಸಂಪುಟದ ಮೊದಲ ಭಾಗವು 1939ರಲ್ಲಿ ಪ್ರಕಟವಾಯಿತು.

ಆ ಕಾಲದ ದಾನಶಾಸನಗಳಲ್ಲಿ ದಿನವನ್ನು ಒಂದೇ ವಿಧವಾಗಿ ಹೇಳಿ ಬಿಡುವುದು ಅಪೂರ್ವ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವುಗಳ ಜೊತೆಗೆ ಸಂಕ್ರಮಣವೋ ಗ್ರಹಣವೋ ಇದ್ದರೆ ಅದನ್ನೂ ಹೇಳುವುದು ವಾಡಿಕೆ. ಪುಣ್ಯಕಾಲವನ್ನು ಸಾರುವುದು ಇದರ ಉದ್ದೇಶ. ಆದರೆ ದಿನವೊಂದನ್ನು ಗೊತ್ತುಮಾಡಲು ಬೇಕಾದುದಕ್ಕಿಂತ ಇಲ್ಲಿರುವ ವಿವರಗಳು ಹೆಚ್ಚು. ಈ ಹೆಚ್ಚುವರಿಯೇ ಇತಿಹಾಸಕಾರನಿಗೆ ಕಾವಲಾಗಿ ನಿಲ್ಲುತ್ತದೆ.

ಇದೇ ತತ್ತ್ವವನ್ನು 20ನೆಯ ಶತಮಾನದ ಗಣಿತಜ್ಞರು ತಂತಿ ಸಂದೇಶಗಳ ವಿಷಯದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಗದ್ದಲವುಳ್ಳ ಮಾರ್ಗದಲ್ಲಿಯೂ ಸಂದೇಶವನ್ನು ನಂಬಿಕೆಗೆ ಅರ್ಹವಾಗಿ ಕಳುಹಿಸಬಹುದೆಂದು ಕ್ಲಾಡ್ ಷ್ಯಾನನ್ 1948ರಲ್ಲಿ ತೋರಿಸಿದನು. 4 ಅಂಕಗಳ ಸಂದೇಶಕ್ಕೆ 3 ಪರೀಕ್ಷಾಂಕಗಳನ್ನು ಕೂಡಿಸಿದರೆ, ಆ 7ರಲ್ಲಿ ಯಾವುದೊಂದು ತಪ್ಪಿದರೂ ತಿದ್ದಬಹುದೆಂಬ ಕ್ರಮವನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದನು. ಶಾಸನದ ಕಾಲನಿರ್ದೇಶವೂ ಒಂದು ಕಿರುಸಂದೇಶ. ಅದು ಹಾದುಬಂದ ಮಾರ್ಗ ಮಾತ್ರ ಸಹಸ್ರ ವರ್ಷಗಳದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಗತಿಸಿದ ಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿಯಾಗಿ ಸಂವತ್ಸರದ ಸಂಖ್ಯೆ. 10ನೆಯ ಶತಮಾನದಿಂದೀಚೆಗೆ ದಕ್ಷಿಣದಲ್ಲಿ ನಡೆದುಬಂದ ಎಣಿಕೆಯಿದು. ಶಕ 909ಕ್ಕೆ ಶೇಷ 21. ಅದು ಸರ್ವಜಿತು, ಕ್ರಿ.ಶ. 987-88. ಕೊನೆಯ ಅಂಕ ಅಳಿಸಿ '90' ಮಾತ್ರ ಉಳಿದು ಸರ್ವಜಿತು ಎಂಬ ಹೆಸರಿದ್ದರೆ 909 ಎಂದು ನಿಸ್ಸಂದೇಹವಾಗಿ ತುಂಬಬಹುದು. ನಡುವಣ ಅಂಕ ಅಳಿಸಿದ್ದರೋ, 909 ಮತ್ತು 969 ಎರಡೂ ಹೊಂದುತ್ತವೆ. ದೊರೆಯ ಬಿರುದನ್ನು ನೋಡಿದರೆ ತೊಡಕು ಬಿಡಿಸೀತೆಂದುಕೊಂಡರೆ, ಅಲ್ಲಿ 'ಆಹವಮಲ್ಲ' ಎಂದಿರಬಹುದು. ಈ ಬಿರುದು 973ರಿಂದ 997ರವರೆಗೆ ಆಳಿದ ಇಮ್ಮಡಿ ತೈಲಪನಿಗೂ ಸಲ್ಲುತ್ತದೆ; 1068ರಲ್ಲಿ ತುಂಗಭದ್ರೆಯ ಕುರುವತ್ತಿಯಲ್ಲಿ ಜಲಸಮಾಧಿ ಹೊಂದಿದ ಒಂದನೆಯ ಸೋಮೇಶ್ವರನಿಗೂ ಸಲ್ಲುತ್ತದೆ! ಇಲ್ಲಿ ತೀರ್ಪು ಹೇಳಬೇಕಾದುದು ತಿಥಿಯೂ ವಾರವೂ. ತಪ್ಪು ವರ್ಷದಲ್ಲಿ ತಿಥಿವಾರಗಳು ಆಕಸ್ಮಿಕವಾಗಿ ಕೂಡುವ ಸಂಭವ ಸುಮಾರು ಏಳರಲ್ಲಿ ಒಂದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳು ಈ ಪರೀಕ್ಷೆಯನ್ನು ಸುಲಭಗೊಳಿಸಿದವು.

ಆದರೆ ದೋಷವನ್ನು ಕಾಣುವುದು ಬೇರೆ, ತಿದ್ದುವುದು ಬೇರೆ. ಶಕವರ್ಷವೂ ಸಂವತ್ಸರವೂ ಹೊಂದದಿದ್ದಲ್ಲಿ ಎರಡರಲ್ಲಿ ಒಂದು ತಪ್ಪೆಂದು ತಿಳಿಯುತ್ತದೆ, ಯಾವುದೆಂದು ತಿಳಿಯುವುದಿಲ್ಲ. ಅಲ್ಲದೆ ವರ್ಷವು ಗತವೋ ವರ್ತಮಾನವೋ ಎಂಬ ಭೇದದಿಂದಲೇ ಒಂದು ವರ್ಷದ ಅಂತರ ಬರಬಹುದು. ಅದು ದೋಷವೇ ಅಲ್ಲ. ಬರೆಯುವ ಮುನ್ನವೇ ಪಂಚಾಂಗದ ಗಣನೆ ತಪ್ಪಿದ್ದರೆ ಕಲ್ಲು ಆ ತಪ್ಪನ್ನೇ ನಿಷ್ಠೆಯಿಂದ ಕಾಯ್ದಿರುತ್ತದೆ. ವಾರವಾದರೋ ಊರಿನವರೆಲ್ಲ ಬಲ್ಲ ಸಂಗತಿ. ಅದಕ್ಕೆ ಹೆಚ್ಚಿನ ತೂಕ ಕೊಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಆದುದರಿಂದ ಶಾಸನವನ್ನು ಸಂಪಾದಿಸುವವರು ಕಲ್ಲಿನಲ್ಲಿರುವುದನ್ನು ಇದ್ದಂತೆಯೇ ಅಚ್ಚು ಮಾಡಿ, ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಕಾರಣಸಹಿತವಾಗಿ ಹೇಳಬೇಕು. ಮೂಲವನ್ನೇ ಮೌನವಾಗಿ ತಿದ್ದಿದರೆ ಪೂರ್ವಿಕರು ಬಿಟ್ಟುಹೋದ ಸಾಕ್ಷ್ಯ ಅಳಿದುಹೋಗುತ್ತದೆ. ಮುಂದಿನ ಓದುಗನಿಗೆ ನಮ್ಮ ತಪ್ಪನ್ನು ಕಂಡುಹಿಡಿಯುವ ದಾರಿಯೇ ಉಳಿಯುವುದಿಲ್ಲ.