ನವರಸಪುರದ ದಾರಿಯಲ್ಲಿ ಒಂದು ಧ್ವನಿಪರೀಕ್ಷೆ

ವಾದ್ಯವೃಂದವನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮ ಅರ್ಧ ಗಂಟೆಯದು. ಹಿರಿಯರ ಮಾತು, ಮಕ್ಕಳ ವಾದನ ಮುಗಿಯುವ ಹೊತ್ತಿಗೆ ನಿರ್ಮಾಪಕನ ಪಾಲಿಗೆ ಉಳಿಯುವುದು ಕೊನೆಯಲ್ಲಿ ಹೆಸರು ತೋರಿಸುವ ಕೆಲವು ಕ್ಷಣ ಮಾತ್ರ. ಅಲ್ಲಿ ಹೇಳಲಾಗದೆ ಉಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಮೊದಲನೆಯದು ನಾನೇ ಮಾಡಿದ ಒಂದು ತಪ್ಪು.

ಕಾರ್ಯಕ್ರಮಕ್ಕಾಗಿ ವಿಜಯಪುರದಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳ ಒಂದು ವಾದ್ಯವೃಂದ ಕೂಡಿಸುವುದಿತ್ತು. ರಜೆಯ ದಿನ ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ಧ್ವನಿಪರೀಕ್ಷೆ ಇಟ್ಟುಕೊಂಡೆವು. ಅರ್ಜಿಯಲ್ಲಿ ನಾಲ್ಕೇ ಕಲಮು: ಹೆಸರು, ವಯಸ್ಸು, ವಾದ್ಯ, ಗುರುಗಳ ಹೆಸರು. ಬಬಲೇಶ್ವರದಿಂದ ತಂದೆಯ ಜೊತೆ ಬಂದಿದ್ದ ಹುಡುಗಿಯೊಬ್ಬಳು ತಬಲಾದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ್ದಳು. ನಾಲ್ಕೂ ಕಲಮುಗಳನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಿ ಕೊಟ್ಟಳು. ಕೈ ನಡುಗುತ್ತಿದ್ದರೂ ತೀನತಾಲ ತಪ್ಪಲಿಲ್ಲ. ಅವಳ ಬಳಿಕ ಬಂದವನು ತಿಕೋಟಾದ ಹದಿಮೂರರ ಹುಡುಗ. ನಾಲ್ಕನೆಯ ಕಲಮು ಖಾಲಿ.

‘ಯಾರ ಕಡೆ ಕಲತೀಪಾ ಪೇಟಿ?’ ಎಂದೆ.

‘ಯಾರ ಕಡೇನೂ ಇಲ್ರಿ ಸರ್. ಭಜನಿಯೊಳಗ ನುಡಸ್ತೀನ್ರಿ.’

‘ಭೂಪದ ಆರೋಹ, ಅವರೋಹ ನುಡಸು ನೋಡೋಣ.’

ಹುಡುಗ ಸುಮ್ಮನೆ ನಿಂತ. ನಾನು ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿದ್ದ ಹಿರಿಯ ಪಿಟೀಲು ವಾದಕರು, ‘ನಿನಗ ಬರೋದು ಏನರ ನುಡಸಪಾ’ ಎಂದರು. ಅವನು ಒಂದು ತತ್ತ್ವಪದದ ಮಟ್ಟು ನುಡಿಸಿದ. ಮಧ್ಯಮವಾಗಲಿ ನಿಷಾದವಾಗಲಿ ಎಲ್ಲಿಯೂ ಸುಳಿಯಲಿಲ್ಲ, ಗಾಂಧಾರದ ಮೇಲೆ ನಿಲ್ಲುವ ಕಡೆ ನಿಂತ. ಅಪ್ಪಟ ಭೂಪ. ರಾಗದ ಹೆಸರೊಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಆದರೂ ನಾನು ಎಳೆದ ಗೆರೆ ಹಾಗೆಯೇ ಉಳಿಯಿತು. ಪಟ್ಟಿ ಅಂದೇ ಮುಗಿಯಬೇಕಿತ್ತು, ಬೇರೆ ಮಕ್ಕಳು ಕಾಯುತ್ತಿದ್ದರು.

ಮರುದಿನ ಚಿತ್ರೀಕರಣದ ಜಾಗ ನೋಡಲು ತಿಕೋಟಾದ ದಾರಿ ಹಿಡಿದೆವು. ಊರು ಬಿಟ್ಟು ಐದಾರು ಕಿಲೋಮೀಟರು ಪಶ್ಚಿಮಕ್ಕೆ ಹೋದರೆ ತೊರವಿ. ತೊರವೆ ರಾಮಾಯಣದ ಕವಿಯ ಊರೆಂದು ಕನ್ನಡಿಗರೆಲ್ಲ ಬಲ್ಲ ಊರದು. ಅದರ ಆಸುಪಾಸಿನಲ್ಲೇ ನವರಸಪುರದ ಅವಶೇಷಗಳಿವೆ. ಸಂಗೀತ ಮಹಲ್ ಎಂದು ಜನ ಕರೆಯುವ ಕಟ್ಟಡದ ಎತ್ತರದ ಕಮಾನುಗಳ ಕೆಳಗೆ ನಿಂತಾಗ ಹಿಂದಿನ ದಿನದ ಹುಡುಗ ನೆನಪಾದ. ಸಂಗೀತಗಾರರನ್ನು ದರ್ಜೆಗಳಾಗಿ ವಿಂಗಡಿಸುವ ಕೆಲಸ ಈ ನೆಲದಲ್ಲಿ ನಾನೇ ಮೊದಲು ಮಾಡಿದ್ದಲ್ಲ.

ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಆಸುಪಾಸಿನ ಬಾಲಕ. 1627ರವರೆಗೆ ಆಳಿದ. ‘ಜಗದ್ಗುರು’ ಎಂಬ ಬಿರುದು ಪಡೆದ ಈ ದೊರೆ ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ರಚಿಸಿದ. ಅದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಆರಂಭ ಸರಸ್ವತಿಯ ಸ್ತುತಿಯಿಂದ. ಪ್ರತಿಯೊಂದು ಹಾಡಿಗೂ ರಾಗವನ್ನು ಹೇಳಿದ್ದಾನೆ: ಭೂಪಾಲಿ, ಅಸಾವರಿ, ತೋಡಿ, ಮಲ್ಹಾರ, ಕಲ್ಯಾಣ, ಕಾನಡಾ, ಕೇದಾರ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು ಅದರ ಮೇಲೂ ಹಾಡು ಕಟ್ಟಿದವನು. 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಿಸಲು ತೊಡಗಿದ.

ಆ ಪಟ್ಟಣದಲ್ಲಿ ನೆಲಸಿದ ಸಂಗೀತಗಾರರ ಸಮೂಹಕ್ಕೆ ‘ಲಷ್ಕರ್-ಎ-ನವರಸ್’, ಎಂದರೆ ನವರಸದ ಸೈನ್ಯ ಎಂದು ಹೆಸರು. ಅವರ ಸಂಖ್ಯೆ ಮೂರು, ನಾಲ್ಕು ಸಾವಿರವೆಂದು ಹೇಳಿಕೆ. ಆ ಕಾಲದ ದರಬಾರಿ ಬರಹಗಳು ಅಂಕೆಗಳ ವಿಷಯದಲ್ಲಿ ಧಾರಾಳವಾಗಿರುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೂ ಇದು ಸಣ್ಣ ಸಮೂಹವಲ್ಲ. ಅವರಲ್ಲಿ ಮೂರು ದರ್ಜೆ: ಹುಜೂರಿ, ದರ್ಬಾರಿ, ಶಹರಿ. ದೊರೆಯ ಸನ್ನಿಧಿಯವರು, ಒಡ್ಡೋಲಗದವರು, ಪಟ್ಟಣದವರು ಎಂದು ಈ ಮಾತುಗಳ ಅರ್ಥ. ಆಕಾಶವಾಣಿಯ ಎ, ಬಿ ದರ್ಜೆಗಳನ್ನು ಬಲ್ಲ ಯಾವ ಕಲಾವಿದನಿಗೂ ಇದು ಹೊಸದೆನಿಸದು.

ಇವರೆಲ್ಲ ಕೂಡಿ ಒಂದೇ ಲಿಪಿ ನೋಡಿ ನುಡಿಸುವ ಪಾಶ್ಚಾತ್ಯ ಮಾದರಿಯ ವೃಂದವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಸಮೂಹವೆಂದರೆ ಗಾಯಕನ ಹಿಂದೆ ಕೂತವರು. ಎಲ್ಲಿ ಕೂಡಬೇಕು, ಕೂಡಬೇಕೋ ನಿಲ್ಲಬೇಕೋ ಎಂಬುದೇ ಅಲ್ಲಿ ದೊಡ್ಡ ವಿಷಯ. ಅಕ್ಬರನ ರಾಯಭಾರಿಯಾಗಿ 1603-04ರ ಸುಮಾರಿಗೆ ವಿಜಯಪುರಕ್ಕೆ ಬಂದ ಅಸದ್ ಬೇಗ್ ಒಂದು ಸ್ವಾರಸ್ಯದ ಸಂಗತಿ ಬರೆದಿದ್ದಾನೆ. (ಇಲ್ಲಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದವನೂ ಇವನೇ.) ಇಬ್ರಾಹಿಂ ಅವನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು: ತಾನಸೇನ ನಿಮ್ಮ ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ, ಕೂತು ಹಾಡುತ್ತಿದ್ದನೋ? ಒಡ್ಡೋಲಗದಲ್ಲಿ ನಿಂತೇ ಹಾಡಬೇಕಿತ್ತು, ಖಾಸಗಿ ಬೈಠಕ್ಕಿನಲ್ಲಿ ಕೂಡಲು ಅನುಮತಿ ಇತ್ತು ಎಂಬುದು ಉತ್ತರ. ರಾಯಭಾರಿಯನ್ನು ಕೋಟೆ, ಫೌಜುಗಳ ಬಗ್ಗೆ ಕೇಳಬೇಕಾದ ದೊರೆ ಇದನ್ನು ಕೇಳಿದ!

ಇಬ್ರಾಹಿಮನಿಗೆ ಧ್ರುಪದ ಕಲಿಸಿದ ಬಖ್ತರ್ ಖಾನ್ ಕಲಾವಂತನಿಗೆ ಅವನು ತನ್ನ ಸಹೋದರನ ಮಗಳನ್ನೇ ಕೊಟ್ಟು ಮದುವೆ ಮಾಡಿದನೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆಯುತ್ತಾನೆ. ಅದೇ ಬಖ್ತರ್ ಖಾನ್ 1614ರ ಸುಮಾರಿಗೆ ಫಕೀರನ ವೇಷದಲ್ಲಿ ಮೊಗಲ್ ದರಬಾರಿಗೆ ಬಂದಾಗ ಜಹಾಂಗೀರ್ ಮೊದಲ ಭೇಟಿಯಲ್ಲೇ ಹತ್ತು ಸಾವಿರ ರೂಪಾಯಿ, ಐವತ್ತು ಬಗೆಯ ಬಟ್ಟೆ, ಒಂದು ಮುತ್ತಿನ ಸರ ಕೊಟ್ಟ. ಗುರುಗಳ ಹೆಸರಿಗೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1624ರಲ್ಲಿ ಮಲಿಕ್ ಅಂಬರನ ದಾಳಿಯಲ್ಲಿ ನವರಸಪುರ ಹಾಳಾಯಿತು.

ಅರಮನೆಯ ಆಶ್ರಯ ಹೋದ ಬಹುಕಾಲದ ನಂತರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಭಾಗದ ಹುಡುಗರಿಗೆ ಸಂಗೀತದ ಬಾಗಿಲು ತೆರೆದದ್ದು ನಾಟಕ ಕಂಪನಿಗಳು. ಬಾದಾಮಿಯ ಬನಶಂಕರಿ ಜಾತ್ರೆ ಕಂಪನಿಗಳ ತೌರು. ಬಾದಾಮಿ, ಬಾಗಲಕೋಟೆಗಳು 1997ರವರೆಗೆ ಅಖಂಡ ವಿಜಯಪುರ ಜಿಲ್ಲೆಗೇ ಸೇರಿದ್ದವು. ಅಲ್ಲಿ ಅರ್ಜಿ ಇಲ್ಲ, ಕಲಮು ಇಲ್ಲ. ಹುಡುಗನ ಕಂಠ ಪೇಟಿಯ ಎತ್ತರದ ಸ್ವರಕ್ಕೆ ಏರುತ್ತದೆಯೇ, ಮೈಕಿಲ್ಲದ ಥಿಯೇಟರಿನ ಕೊನೆಯ ಸಾಲಿಗೆ ಕೇಳುತ್ತದೆಯೇ ಎಂಬುದೇ ಪರೀಕ್ಷೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಒಂಬತ್ತರ ವಯಸ್ಸಿಗೇ ರಂಗ ಹತ್ತಿದವರು. ನಾಟಕದಲ್ಲಿ ಹಾಡುತ್ತಿದ್ದ ಹುಡುಗನನ್ನು ಕೇಳಿ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತ ಕಲಿಸಿದರು. ಮುಂದೆ ಮಿರಜಿನ ನೀಲಕಂಠಬುವಾ ಆಲೂರಮಠರು ಹಿಂದೂಸ್ಥಾನಿಗೆ ಕರೆದುಕೊಂಡರು. ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿ ಸೇರಿದ್ದವರೇ. ಎಂದರೆ ಇವರಿಬ್ಬರೂ ಮೊದಲು ಸೇರಿದ್ದು ಸಮೂಹವನ್ನು, ಗುರು ಬಂದದ್ದು ಆಮೇಲೆ. ನನ್ನ ಅರ್ಜಿ ಇದನ್ನು ತಿರುವುಮುರುವು ಮಾಡಿತ್ತು.

ರಾಜಗುರುಗಳನ್ನು ಕರೆದೊಯ್ದವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಎರಡೂ ಪದ್ಧತಿಗಳ ಸಂಗೀತ ಕಲಿತು, ಅಂಧ ಮತ್ತು ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆ ನಡೆಸಿದರು. ಪೇಟಿ, ತಬಲಾ, ತಂಬೂರಿ, ಅಡುಗೆಯ ಪಾತ್ರೆಗಳೆಲ್ಲ ಜೊತೆಯಲ್ಲೇ ಸಾಗಬೇಕು. ಊರಿನವರು ಕೊಟ್ಟರೆ ಊಟ. ಕೊನೆಗೆ ಗದುಗಿನಲ್ಲಿ ನೆಲೆಯಾಗಿ ವೀರೇಶ್ವರ ಪುಣ್ಯಾಶ್ರಮವಾಯಿತು. ನಮ್ಮ ನಾಡಿನಲ್ಲಿ ಮಕ್ಕಳ ವಾದ್ಯವೃಂದ ಎಂಬ ಮಾತಿಗೆ ನಿಜವಾಗಿ ಹತ್ತಿರವಾದದ್ದು ನನ್ನ ದೃಷ್ಟಿಯಲ್ಲಿ ಇದೊಂದೇ.

ಅಲ್ಲಿಗೆ ಸೇರಿದ ಒಬ್ಬ ಬಾಲಕನ ಸಂಗತಿ ಪ್ರಸಿದ್ಧ. 1914ರಲ್ಲಿ ಹುಟ್ಟಿ, ತೀರ ಎಳವೆಯಲ್ಲೇ ದೃಷ್ಟಿಯನ್ನೂ ತಂದೆತಾಯಿಯರನ್ನೂ ಕಳೆದುಕೊಂಡ ಅವನು ಸೋದರಮಾವ ಚಂದ್ರಶೇಖರಯ್ಯನವರ ಮನೆಯಲ್ಲಿದ್ದ. ಮಾವ ನುಡಿಸುತ್ತಿದ್ದ ಪೇಟಿಯ ಮೇಲೆ ತಾನೂ ಬೆರಳಾಡಿಸಲು ನೋಡುತ್ತಿದ್ದ. ಅದನ್ನು ಗಮನಿಸಿದ ಮಾವ ಹುಡುಗನನ್ನು ಗವಾಯಿಗಳ ಬಳಿಗೆ ಕರೆತಂದರು. ಅವನೇ ಪುಟ್ಟರಾಜ ಗವಾಯಿ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತು, ನಾಟಕ ಕಂಪನಿಯ ಸಂಪಾದನೆಯಿಂದ ಮಕ್ಕಳನ್ನು ಸಾಕಿ, 2010ರವರೆಗೆ ಬದುಕಿದ್ದರು. ರಾಗದ ಆರೋಹ, ಅವರೋಹ ಕೇಳಿ ಅವರನ್ನು ಆರಿಸಿರಲಿಲ್ಲ. ಪೇಟಿಯತ್ತ ಚಾಚಿದ ಕೈಯನ್ನು ನೋಡಿ ಕರೆತಂದಿದ್ದರು.

ಆದರೆ ಆ ಪೇಟಿಗೇ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. 1940ರ ಮಾರ್ಚಿನಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಬಿದ್ದು, 1970ರ ದಶಕದ ಆರಂಭದಲ್ಲಷ್ಟೇ ತುಸು ಸಡಿಲವಾಯಿತು. ವಿಜ್ಞಾನ ಓದಿದವನಾಗಿ ಈ ವಾದದ ಹುರುಳನ್ನು ನಾನು ಅಲ್ಲಗಳೆಯಲಾರೆ. ಷಡ್ಜ ಸೆಕೆಂಡಿಗೆ 240 ಕಂಪನವಿದ್ದರೆ ತಂಬೂರಿಯಲ್ಲಿ ಹುಟ್ಟುವ ಶುದ್ಧ ಗಾಂಧಾರ 300. ಪೇಟಿಯ ಗಾಂಧಾರ 302ಕ್ಕೂ ಸ್ವಲ್ಪ ಹೆಚ್ಚು. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಬಾರಿಗಿಂತ ಹೆಚ್ಚು ದನಿ ಅಲುಗುತ್ತದೆ. ಮೀಂಡ್ ಅಂತೂ ಅದರಲ್ಲಿ ಬರುವುದೇ ಇಲ್ಲ. ಎಲ್ಲ ಸರಿ. ಆದರೆ ಧಾರವಾಡದಲ್ಲಿ 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರ ಆರಂಭವಾದಾಗ ಈ ಸೀಮೆಯ ಹಳ್ಳಿಹಳ್ಳಿಯಲ್ಲಿ ಇದ್ದದ್ದು ಅದೇ ಪೇಟಿ, ತಂಬೂರಿಯಲ್ಲ.

1952ರಲ್ಲಿ ಸಚಿವ ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯ ಧ್ವನಿಪರೀಕ್ಷೆ ಇಡೀ ದೇಶಕ್ಕೆ ಬಂತು. ಪರೀಕ್ಷಕರಿಗೆ ಕಲಾವಿದ ಕಾಣಿಸುವಂತಿಲ್ಲ, ನಾದ ಮಾತ್ರ ಕೇಳಬೇಕು. ಹೆಸರಾಂತ ಗವಾಯಿಗಳು ಸಿಟ್ಟಾದರು, ಮುಂಬಯಿಯಲ್ಲಿ ಪ್ರತಿಭಟನೆಯೂ ನಡೆಯಿತು. ಅದೇ ವರ್ಷ ದೆಹಲಿಯಲ್ಲಿ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅವರ ನಿರ್ದೇಶನದಲ್ಲಿ ರಾಷ್ಟ್ರೀಯ ವಾದ್ಯವೃಂದ ಸ್ಥಾಪನೆಯಾಯಿತು. ಪರದೆಯ ಪರೀಕ್ಷೆಯನ್ನು ಬೈಯುವವರು ಬಹಳ. ನನಗೋ ಅದರ ಮೇಲೆ ಗೌರವವಿದೆ. ಹುಡುಗನ ಅರ್ಜಿ ನನ್ನ ಕಣ್ಣ ಮುಂದಿರದಿದ್ದರೆ ಆ ಭೂಪ ನನಗೆ ಮೊದಲೇ ಕೇಳಿಸುತ್ತಿತ್ತು.

ನವರಸಪುರದಿಂದ ಮುಂದೆ ತಿಕೋಟಾಕ್ಕೇ ಹೋದೆವು. ಅರ್ಜಿಯಲ್ಲಿ ಬರೆದ ದೂರವಾಣಿ ಸಂಖ್ಯೆ ಕಿರಾಣಿ ಅಂಗಡಿಯೊಂದರದು. ಅಂಗಡಿಯವರೇ ಹುಡುಗನನ್ನು ಕರೆತಂದರು. ನಾನು ತಪ್ಪಾಯಿತೆಂದು ಹೇಳಿದ್ದು ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ‘ಹಂಗಾದ್ರ ಎಂದ ಬರಬೇಕ್ರಿ ಸರ್?’ ಎಂದು ಮಾತ್ರ ಕೇಳಿದ.

ತಾಲೀಮು ಸುಲಭವಾಗಲಿಲ್ಲ. ಭಜನೆಯಲ್ಲಿ ಪೇಟಿಯವನೇ ಮುಂದಾಳು, ಅವನು ಓಡಿದರೆ ಎಲ್ಲರೂ ಓಡಬೇಕು. ಇಲ್ಲಿ ಅವನು ಹದಿನಾಲ್ಕು ಮಕ್ಕಳಲ್ಲಿ ಒಬ್ಬ. ಎರಡು ದಿನ ಎಲ್ಲರ ಲಯವನ್ನೂ ಎಳೆದುಕೊಂಡು ಹೋದ. ಬಬಲೇಶ್ವರದ ಹುಡುಗಿ ತಬಲಾ ನಿಲ್ಲಿಸಿ, ‘ಅಣ್ಣಾ, ನನ್ನ ಕಡೆ ಸ್ವಲ್ಪ ನೋಡು’ ಎಂದಳು. ಮೂರನೆಯ ದಿನದಿಂದ ನೋಡತೊಡಗಿದ.

ಧ್ವನಿಮುದ್ರಣದ ದಿನ ಅವನು ಚಾಪೆಯ ಹತ್ತಿರ ನಿಂತೇ ಇದ್ದ. ದಿಂಡಿಯಲ್ಲಿ ಪೇಟಿಯನ್ನು ಕೊರಳಿಗೆ ತೂಗುಹಾಕಿಕೊಂಡು ನಡೆಯುತ್ತ ನುಡಿಸಿ ಅವನಿಗೆ ರೂಢಿ. ‘ಸರ್, ಕುಂತ ನುಡಸ್ಲ್ಯೋ, ನಿಂತ ನುಡಸ್ಲ್ಯೋ?’ ಎಂದ. ನಿನಗೆ ಹೇಗೆ ಬರುತ್ತದೋ ಹಾಗೆ ಎಂದೆ. ನಿಂತೇ ನುಡಿಸಿದ. ನಮ್ಮ ಧ್ವನಿ ತಂತ್ರಜ್ಞರು ಗೊಣಗುತ್ತ ಮೈಕಿನ ಸ್ಟ್ಯಾಂಡನ್ನು ಎರಡಡಿ ಮೇಲಕ್ಕೇರಿಸಿದರು.