ತಾಂಬೂಲಕ್ಕೆ ಬಂದ ಹೊಸ ಅತಿಥಿ

ಮನೆಗೆ ಬಂದವರಿಗೆ ಎಲೆ-ಅಡಿಕೆ ತಟ್ಟೆ ಮುಂದಿಡುವುದು ಉತ್ತರ ಕರ್ನಾಟಕದ ಹಳೆಯ ಮರ್ಯಾದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವನ್ನು ರಾಜಭೋಗಗಳಲ್ಲೊಂದಾಗಿ ಎಣಿಸಿದ್ದಾನೆ. ಆದರೆ ಆ ತಾಂಬೂಲದಲ್ಲಿ ತಂಬಾಕು ಇರಲಿಲ್ಲ.

ಅಮೆರಿಕ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ಆದಿಲ್‌ಶಾಹಿಗಳ ಬಿಜಾಪುರದಲ್ಲಿ. ನೇಕಾರಿಕೆಯ ಊರಾದ ಗುಡೂರು 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಗುವವರೆಗೆ ಇದೇ ಬಿಜಾಪುರ ಜಿಲ್ಲೆಗೆ ಸೇರಿತ್ತು. ಅಸದ್ ಬೇಗ್ ತಂಬಾಕನ್ನೂ ಚಿಲುಮೆಯನ್ನೂ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ, ಸೇದುವುದು ಬೇಡವೆಂದು ಆಸ್ಥಾನದ ಹಕೀಮ ತಡೆದ. ಅವನ ಮಾತು ಉಳಿಯಲಿಲ್ಲ, ಚಟ ಉಳಿಯಿತು. ಕ್ರಮೇಣ ತಂಬಾಕು ಎಲೆ-ಅಡಿಕೆಯ ತಟ್ಟೆಯಲ್ಲೂ ಜಾಗ ಹಿಡಿಯಿತು.

ಹಕೀಮನ ಶಂಕೆ ನಿಜವಾಗಲು ಮೂರು ಶತಮಾನ ಹಿಡಿಯಿತು. 1933ರಲ್ಲಿ ವೈದ್ಯ ಐ. ಎಂ. ಓರ್ ತಿರುವಾಂಕೂರಿನಲ್ಲಿ ಎಲೆ-ಅಡಿಕೆ ಅಗಿಯುವವರ ಬಾಯಿ ಕ್ಯಾನ್ಸರ್ ಕುರಿತು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು.

ಬಾಯಿಯ ಕ್ಯಾನ್ಸರಿಗೆ ಒಂದು ವಿಶೇಷವಿದೆ: ಅದು ಹೊಟ್ಟೆಯೊಳಗಿನ ಗಡ್ಡೆಯಂತೆ ಅಡಗಿ ಕೂರುವುದಿಲ್ಲ. ಅಳಿಯದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಇವು ಮುನ್ಸೂಚನೆಗಳು. ನೋವಿಲ್ಲವೆಂಬ ಕಾರಣಕ್ಕೆ ಜನ ಇವನ್ನು ಕಡೆಗಣಿಸುತ್ತಾರೆ. ನೋವು ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಬೇಗ ನೋಡಿದರೆ ಏನು ಲಾಭವೆಂಬುದಕ್ಕೆ ಉತ್ತರ ಕೇರಳದಿಂದ ಬಂತು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗ ಇಳಿದದ್ದು 2005ರಲ್ಲಿ ಪ್ರಕಟವಾಯಿತು. ಅಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಬೆಳಕು ಮತ್ತು ಪಳಗಿದ ಕಣ್ಣು, ಅಷ್ಟೇ.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಗುಡೂರಿಗೆ ದೂರ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಅದಕ್ಕಿಂತ ಹತ್ತಿರ. ಕನ್ನಡಿ ಮಾತ್ರ ಪ್ರತಿ ಮನೆಯಲ್ಲೂ ಇದೆ. ನೂಲಿನ ಎಳೆ ತಪ್ಪಿದ್ದನ್ನು ನೇಕಾರ ಕೂಡಲೇ ಗುರುತಿಸುತ್ತಾನೆ. ಆ ಕಣ್ಣು ತಿಂಗಳಿಗೊಮ್ಮೆ ತನ್ನ ಬಾಯಿಯ ಕಡೆಗೂ ಹೊರಳಿದರೆ, ಹಕೀಮನ ಎಚ್ಚರಿಕೆ ತಡವಾಗಿಯಾದರೂ ಫಲಿಸೀತು.